ಹಿಟ್ಟಿನ ಕೋಳಿಯೂ ಆಕಾಶನೌಕೆಯೂ

ಕಳೆದ ಚಾತುರ್ಮಾಸದ ದಿನಗಳಲ್ಲಿ ಇಂದಿರಾನಗರದ ಶ್ರಾವಕ ಕುಟುಂಬವೊಂದು ತನ್ನ ಹಳೆಯ ಮನೆಯನ್ನು ತೆರವು ಮಾಡಿ ಕೆ.ಆರ್. ಪುರದಾಚೆಯ ಬಹುಮಹಡಿ ಕಟ್ಟಡಕ್ಕೆ ವಾಸವನ್ನು ಬದಲಿಸಿತು. ಹೊಸ ಮನೆಯಲ್ಲಿ ಕಪಾಟುಗಳಿಗೆ ಎಡೆಯಿಲ್ಲದ ಕಾರಣ ನಾಲ್ಕು ಪೆಟ್ಟಿಗೆ ಪುಸ್ತಕಗಳು ನಮ್ಮ ಬಸದಿಯ ಪಾಠಶಾಲೆಗೆ ದಾನವಾಗಿ ಬಂದವು. ಶಾಸ್ತ್ರದಾನವನ್ನು ನಿರಾಕರಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ತೆರೆದು ನೋಡಿದಾಗ ಎರಡು ಪೆಟ್ಟಿಗೆಗಳಲ್ಲಿ ಸ್ವಾಧ್ಯಾಯ ಗ್ರಂಥಗಳಿದ್ದರೆ, ಉಳಿದೆರಡರಲ್ಲಿ ಇಂಗ್ಲಿಷಿನ ವಿಜ್ಞಾನ ಕಾದಂಬರಿಗಳೂ ಅದ್ಭುತ ಕಥೆಗಳೂ ತುಂಬಿದ್ದವು. ಅವುಗಳಲ್ಲಿ ಕೆಲವು ಸ್ಪ್ಯಾನಿಷ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಕೃತಿಗಳು. ಮುಖಪುಟಗಳ ಮೇಲೆ ಖಡ್ಗ, ಬೆಂಕಿ ಉಗುಳುವ ಸರ್ಪ, ಸಿಡಿಯುವ ಗ್ರಹ ಇತ್ಯಾದಿ ಚಿತ್ರಗಳು.

ಕಾರ್ಯಕಾರಿ ಸಮಿತಿಯಲ್ಲಿ ಸಹಜವಾಗಿಯೇ ಚರ್ಚೆಯಾಯಿತು. ಹಿರಿಯರೊಬ್ಬರು, ಇವು ಶಾಸ್ತ್ರವೂ ಅಲ್ಲ, ಶಾಲೆಯ ಪಠ್ಯವೂ ಅಲ್ಲ, ರದ್ದಿಗೆ ಹಾಕಿ ಬಂದ ಹಣವನ್ನು ಅಭಿಷೇಕದ ನಿಧಿಗೆ ಸೇರಿಸುವುದು ಲೇಸು ಎಂದರು. ಕಾಗದದ ವ್ಯಾಪಾರಿಯಾದ ನನಗೆ ರದ್ದಿಯ ದರ ಚೆನ್ನಾಗಿ ಗೊತ್ತು. ಬಹುಶಃ ಅದೇ ಕಾರಣಕ್ಕೆ, ಓದಿ ನೋಡಿ ವರದಿ ಕೊಡುವ ಹೊಣೆಯೂ ನನ್ನ ಪಾಲಿಗೇ ಬಂದಿತು. ನಾನು ಬಿ.ಕಾಂ. ಓದಿ ಶಿವಾಜಿನಗರದಲ್ಲಿ ಅಂಗಡಿ ಇಟ್ಟವನು. ಸಾಹಿತ್ಯಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡಿದವನಲ್ಲ. ಆದರೂ 2009ರಲ್ಲಿ ಮುಚ್ಚಿಹೋದ ಪ್ರೀಮಿಯರ್ ಪುಸ್ತಕದಂಗಡಿಯ ಓಲಾಡುವ ರಾಶಿಗಳಿಂದ ಯೌವನದಲ್ಲಿ ಇಂತಹ ನಾಲ್ಕಾರು ಪುಸ್ತಕಗಳನ್ನು ಹೆಕ್ಕಿ ತಂದು ಓದಿದ್ದುಂಟು. ಸ್ಪ್ಯಾನಿಷ್ ನನಗೆ ಬಾರದು. ಆ ಕೃತಿಗಳನ್ನು ಇಂಗ್ಲಿಷಿನ ಮೂಲಕವೇ ಓದಿದ್ದೇನೆ. ಸಮಿತಿಗೆ ಕೊಟ್ಟ ವರದಿ ಒಂದು ಪುಟದ್ದು. ಅದರಲ್ಲಿ ಹೇಳಲಾಗದೆ ಉಳಿದುದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಸಮಿತಿಯ ಆಕ್ಷೇಪಗಳು ಎರಡು. ಇಲ್ಲದ ಲೋಕಗಳ ಕಥೆ ಮಕ್ಕಳಿಗೆ ಮಿಥ್ಯೆಯನ್ನು ಕಲಿಸುತ್ತದೆ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಸುಲಭ. ವಿಜಯಾರ್ಧ ಪರ್ವತದ ವಿದ್ಯಾಧರರು ವಿಮಾನವೇರಿ ಸಂಚರಿಸುವ ಪ್ರಸಂಗಗಳನ್ನು ಕೇಳಿ ಬೆಳೆದ ನಮಗೆ ಆಕಾಶನೌಕೆ ಅಪರಿಚಿತವೇನಲ್ಲ. ಅದ್ಭುತವೇ ದೋಷವಾದರೆ ನಮ್ಮ ಪುರಾಣಗಳ ಅರ್ಧ ಭಾಗವನ್ನು ಕಪಾಟಿನಿಂದ ಕೆಳಗಿಳಿಸಬೇಕಾದೀತು. (ಇಷ್ಟು ಹೇಳಿದೊಡನೆ ಕೆಲವು ಮಿತ್ರರು, ವಿಮಾನವೂ ಪರಮಾಣುವೂ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಹೆಮ್ಮೆಪಡಲು ತೊಡಗುತ್ತಾರೆ. ಪುರಾಣವನ್ನು ಕಾರ್ಖಾನೆಯ ಕೈಪಿಡಿಯಂತೆ ಓದುವುದು ಪುರಾಣಕ್ಕೆ ಗೌರವ ತರುವ ಕೆಲಸವೆಂದು ನನಗೆ ಅನ್ನಿಸುವುದಿಲ್ಲ.)

ಎರಡನೆಯ ಆಕ್ಷೇಪವು ಹಿಂಸೆಯದು. ಅದು ನಿಜವಾಗಿಯೂ ವಿಚಾರಾರ್ಹ. ಕಥೆಯಲ್ಲಿ ಹಿಂಸೆ ಇದೆಯೇ ಇಲ್ಲವೇ ಎಂದಷ್ಟೇ ಕೇಳಿದರೆ ಉತ್ತರ ಸಿಕ್ಕದು. ಭರತ ಬಾಹುಬಲಿಯರ ಕಥೆಯಲ್ಲಿಯೂ ಸೈನ್ಯಗಳು ಎದುರುಬದುರಾಗಿ ನಿಲ್ಲುತ್ತವೆ. ನನಗೆ ತೋರಿದ ಪ್ರಶ್ನೆ ಬೇರೆ. ಈ ಕಥೆಗಾರನು ಜಮಾಖರ್ಚನ್ನು ಕೊನೆಯವರೆಗೆ ಬರೆಯುತ್ತಾನೆಯೇ? ಯಾರನ್ನು ಜೀವವೆಂದು ಎಣಿಸುತ್ತಾನೆ, ಯಾರನ್ನು ಲೆಕ್ಕದಿಂದ ಬಿಡುತ್ತಾನೆ?

ಟಾಲ್ಕೀನನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಬೃಹತ್ ಕೃತಿ. ಅದರ ತಿರುಳು ಒಂದು ಉಂಗುರ. ಅದನ್ನು ಗಳಿಸುವುದಕ್ಕಾಗಿ ಅಲ್ಲ, ತ್ಯಜಿಸುವುದಕ್ಕಾಗಿ ನಾಯಕನು ಪ್ರಯಾಣ ಹೊರಡುತ್ತಾನೆ. ಪರಿಗ್ರಹವು ಮನುಷ್ಯನನ್ನು ಒಳಗಿನಿಂದ ಹೇಗೆ ಸವೆಸುತ್ತದೆಂಬುದನ್ನು ಇದಕ್ಕಿಂತ ವಿಸ್ತಾರವಾಗಿ ತೋರಿದ ಆಧುನಿಕ ಕಥೆಯನ್ನು ನಾನು ಓದಿಲ್ಲ. ಬಿಲ್ಬೋ ಎಂಬವನು ಕೈಗೆ ಸಿಕ್ಕ ಗೊಲ್ಲಮನನ್ನು ಕನಿಕರದಿಂದ ಕೊಲ್ಲದೆ ಬಿಟ್ಟದ್ದೇ ಕೊನೆಗೆ ಲೋಕವನ್ನು ಉಳಿಸುವ ಕಾರಣವಾಗುತ್ತದೆ. ಇಷ್ಟು ಸೂಕ್ಷ್ಮವಾಗಿ ಕ್ಷಮೆಯ ಫಲವನ್ನು ಎಣಿಸಿದ ಅದೇ ಲೇಖಕನು ಇನ್ನೊಂದು ಕಡೆ, ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧದಲ್ಲಿ, ಇಬ್ಬರು ಗೆಳೆಯರು ತಾವು ಕೊಂದ ಶತ್ರುಗಳನ್ನು ಪಂದ್ಯದಂತೆ ಎಣಿಸುವುದನ್ನು ವಿನೋದವಾಗಿ ಬರೆಯುತ್ತಾನೆ. ಒಬ್ಬನದು 41, ಮತ್ತೊಬ್ಬನದು 42. ನಮ್ಮ ಆಚಾರ್ಯರು ಹಿಂಸಾನಂದವನ್ನು ರೌದ್ರಧ್ಯಾನದ ಮೊದಲ ಭೇದವಾಗಿ ಹೇಳಿದ್ದಾರೆ. ಆ ಪುಟದಲ್ಲಿ ಓರ್ಕ್ ಎಂಬ ಜಾತಿಗೆ ಜೀವವಿದೆಯೆಂಬುದೇ ಮರೆತುಹೋಗಿದೆ. ಕೃತಿ ದೊಡ್ಡದು, ಲೆಕ್ಕ ಅಪೂರ್ಣ.

ಲೆಕ್ಕದ ಪ್ರಶ್ನೆಯನ್ನೇ ಕಥಾವಸ್ತುವಾಗಿಸಿಕೊಂಡ ಪುಸ್ತಕವೊಂದು ಆ ಪೆಟ್ಟಿಗೆಯಲ್ಲಿತ್ತು. ಅಮೆರಿಕದ ಆರ್ಸನ್ ಸ್ಕಾಟ್ ಕಾರ್ಡ್ 1985ರಲ್ಲಿ ಪ್ರಕಟಿಸಿದ 'ಎಂಡರ್ಸ್ ಗೇಮ್'. ಇದನ್ನು ಕುರಿತು ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಓದುತ್ತಿದ್ದಂತೆ ನನಗೆ ಪದೇ ಪದೇ ನೆನಪಾದದ್ದು ನಮ್ಮ ಜನ್ನ.

ಭೂಮಿಯ ಮೇಲೆ ಕೀಟರೂಪದ ಅನ್ಯಲೋಕದ ಜೀವಿಗಳು ಎರಡು ಬಾರಿ ದಂಡೆತ್ತಿ ಬಂದಿವೆ. ಮೂರನೆಯ ಯುದ್ಧಕ್ಕಾಗಿ ಸೈನ್ಯಾಧಿಕಾರಿಗಳು ಅಸಾಧಾರಣ ಬುದ್ಧಿಯ ಮಕ್ಕಳನ್ನು ಆರಿಸಿ, ಆಕಾಶದಲ್ಲಿ ತೇಲುವ ಶಾಲೆಯೊಂದರಲ್ಲಿ ಆಟಗಳ ಮೂಲಕ ಯುದ್ಧವಿದ್ಯೆಯನ್ನು ಕಲಿಸುತ್ತಾರೆ. ಎಂಡರ್ ಎಂಬ ಬಾಲಕನು ಕೊನೆಯ ಪರೀಕ್ಷೆಯೆಂದು ಹೇಳಲಾದ ಆಟದಲ್ಲಿ ಪರದೆಯ ಮೇಲಿನ ಶತ್ರುಗಳ ಮೂಲಗ್ರಹವನ್ನೇ ಸ್ಫೋಟಿಸಿ ಗೆಲ್ಲುತ್ತಾನೆ. ಅನಂತರ ತಿಳಿಯುತ್ತದೆ, ಅದು ಆಟವಾಗಿರಲಿಲ್ಲ. ಪರದೆಯ ಮೇಲೆ ಕಂಡ ನೌಕೆಗಳು ನಿಜವಾದವು, ಸತ್ತವರು ನಿಜವಾಗಿ ಸತ್ತರು, ಒಂದು ಇಡೀ ಜೀವಕುಲ ನಾಶವಾಯಿತು. ಬಾಲಕನಿಗೆ ಸತ್ಯವನ್ನು ಹೇಳಿದ್ದರೆ ಅವನ ಕೈ ನಡುಗುತ್ತಿತ್ತೆಂದು ಹಿರಿಯರು ಬೇಕೆಂದೇ ಮುಚ್ಚಿಟ್ಟಿದ್ದರು.

ಈಗ 1209ರ 'ಯಶೋಧರ ಚರಿತೆ'ಯನ್ನು ನೆನೆಯೋಣ. ಕೆಟ್ಟ ಕನಸಿನ ಶಾಂತಿಗಾಗಿ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರನು ಜೀವಹಿಂಸೆಗೆ ಒಪ್ಪುವುದಿಲ್ಲ. ಕಡೆಗೆ ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುವುದೆಂದು ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಏಟಿನ ಫಲವಾಗಿ ತಾಯಿಯೂ ಮಗನೂ ನವಿಲು, ನಾಯಿ, ಮೀನು, ಆಡು, ಕೋಳಿ ಎಂದು ಭವಭವಗಳಲ್ಲಿ ತೊಳಲಬೇಕಾಗುತ್ತದೆ. ಜೀವವಿಲ್ಲದ ವಸ್ತುವನ್ನು ಕೊಲ್ಲುವ ಸಂಕಲ್ಪದಿಂದ ಕಡಿದವನು ಯಶೋಧರ. ಜೀವವಿದ್ದವರನ್ನು ಜೀವವಿಲ್ಲದ ಚಿತ್ರವೆಂದು ನಂಬಿ ಕೊಂದವನು ಎಂಡರ್. ಒಬ್ಬನಲ್ಲಿ ಭಾವಹಿಂಸೆ ಇದೆ, ದ್ರವ್ಯಹಿಂಸೆ ಇಲ್ಲ. ಮತ್ತೊಬ್ಬನಲ್ಲಿ ದ್ರವ್ಯಹಿಂಸೆಗೆ ಎಣೆಯಿಲ್ಲ, ಭಾವವನ್ನು ಮಾತ್ರ ಹುಡುಕಬೇಕು. ಏಳುನೂರ ಎಪ್ಪತ್ತಾರು ವರ್ಷಗಳ ಅಂತರದಲ್ಲಿ, ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲು ಸಾಧ್ಯವಿಲ್ಲದ ಇಬ್ಬರು ಕವಿಗಳು, ಒಂದೇ ತಕ್ಕಡಿಯ ಎರಡು ತಟ್ಟೆಗಳನ್ನು ಹಿಡಿದಿದ್ದಾರೆ.

ಆದರೆ ತೂಕದಲ್ಲಿ ಅವರು ಒಂದಾಗುವುದಿಲ್ಲ. ಕಾರ್ಡ್‌ನ ಒಲವು ಸ್ಪಷ್ಟ: ಸಂಕಲ್ಪವಿಲ್ಲದ ಬಾಲಕನು ನಿರ್ದೋಷಿ. ಇದೇ ಕಾದಂಬರಿಯಲ್ಲಿ ಎಂಡರ್ ತನ್ನನ್ನು ಪೀಡಿಸಿದ ಇಬ್ಬರು ಹುಡುಗರನ್ನು ಆತ್ಮರಕ್ಷಣೆಗೆಂದು ಹೊಡೆದು ಕೊಂದಿರುತ್ತಾನೆ; ಅವರು ಸತ್ತರೆಂಬುದನ್ನೂ ಅವನಿಗೆ ತಿಳಿಸಿರುವುದಿಲ್ಲ. ಅಮೆರಿಕದ ಲೇಖಕ ಜಾನ್ ಕೆಸೆಲ್ 2004ರ ಒಂದು ಪ್ರಬಂಧದಲ್ಲಿ ಇದನ್ನು ಬಲವಾಗಿ ಖಂಡಿಸಿದರು. ಮನಸ್ಸು ಶುದ್ಧವಾಗಿದ್ದರೆ ಸಾಕೆಂಬ ಈ ನೀತಿಯು ಕೊಲೆಗಾರನನ್ನು ಮುಗ್ಧನನ್ನಾಗಿ ಮಾಡುವ ಉಪಾಯ ಎಂಬುದು ಅವರ ವಾದದ ಸಾರ. ಕೆಸೆಲ್ ಅವರ ಟೀಕೆಯನ್ನು ಓದಿದಾಗ ನನಗೆ ಅರ್ಧ ಒಪ್ಪಿಗೆಯಾಯಿತು. ನಾವೂ ಸಂಕಲ್ಪಕ್ಕೆ ಪ್ರಾಧಾನ್ಯ ಕೊಡುವವರೇ. ಆದರೆ ಸಂಕಲ್ಪ ಮತ್ತು ಪರಿಣಾಮಗಳ ನಡುವೆ ನಮ್ಮವರು ಮೂರನೆಯ ಪದವೊಂದನ್ನು ಇರಿಸಿದ್ದಾರೆ, ಅದು ಪ್ರಮಾದ. ಎಚ್ಚರವಿರಬೇಕಾದಲ್ಲಿ ಎಚ್ಚರ ತಪ್ಪುವುದು. ಪ್ರಮತ್ತಯೋಗವಿಲ್ಲದೆ ಪ್ರಾಣಹರಣವಾದರೆ ಅದು ಬೇರೆ. ನೋಡಬಹುದಾಗಿದ್ದುದನ್ನು ನೋಡದೆ ನಡೆದರೆ ಬೇರೆ. ಕಾರ್ಡ್ ಆಗಲಿ ಕೆಸೆಲ್ ಆಗಲಿ ಈ ಪದವನ್ನು ಬಳಸಿದ್ದರೆ ಅವರ ವಿವಾದ ಇನ್ನಷ್ಟು ತಿಳಿಯಾಗುತ್ತಿತ್ತು. ಬಾಲಕನಲ್ಲಿ ಪ್ರಮಾದವೆಷ್ಟು? ಅಷ್ಟೊಂದು ಬುದ್ಧಿವಂತನಾದ ಹುಡುಗನಿಗೆ ಒಮ್ಮೆಯಾದರೂ ಸಂದೇಹ ಬರಲಿಲ್ಲವೇಕೆ? ಕೊನೆಯ ಆಟದಲ್ಲಿ ಗ್ರಹವನ್ನು ನಾಶಮಾಡುವುದು ನಿಯಮಬಾಹಿರವೆಂದು ಅವನಿಗೆ ಅನ್ನಿಸಿತ್ತು. ನಿಯಮ ಮುರಿದರೆ ತನ್ನನ್ನು ಮನೆಗೆ ಕಳುಹಿಸುವರೆಂಬ ಆಸೆಯಿಂದಲೇ ಮುರಿದನು. ಆ ಕ್ಷಣದ ಕಷಾಯವನ್ನು ಕಾದಂಬರಿ ಬರೆದಿದೆ, ಆದರೆ ಖಾತೆಗೆ ಹಾಕಿಲ್ಲ.

ಇದಕ್ಕಿಂತ ದೊಡ್ಡ ಬಾಕಿ ಹಿರಿಯರದು. ಕೃತ, ಕಾರಿತ, ಅನುಮೋದನೆ. ಮನ, ವಚನ, ಕಾಯ. ಸಂರಂಭ, ಸಮಾರಂಭ, ಆರಂಭ. ಕ್ರೋಧಾದಿ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108 ಬಗೆಗಳಾಗುತ್ತವೆ. ಜಪಮಾಲೆಯ ಮಣಿಗಳನ್ನು ಎಣಿಸುವವರಿಗೆ ಇದು ಹೊಸತಲ್ಲ. ವಾಣಿಜ್ಯ ಓದಿದ ನನಗಂತೂ ಇದು 108 ಅಂಕಣಗಳ ಖಾತೆ ಪುಸ್ತಕದಂತೆಯೇ ಕಾಣುತ್ತದೆ. ಯಾವ ಪಾಲುದಾರನೂ ತನ್ನ ಅಂಕಣವನ್ನು ಖಾಲಿ ಬಿಡಲಾಗದು. ಎಂಡರನ ಕಥೆಯಲ್ಲಿ ಬಾಲಕನು ಕಾಯದಿಂದ ಮಾಡಿದವನು; ಕರ್ನಲ್ ಗ್ರಾಫ್ ಮತ್ತು ಗುರು ರ್ಯಾಕಮ್ ಮಾಡಿಸಿದವರು; ಭೂಮಿಯ ಜನರೆಲ್ಲ ಹರ್ಷಿಸಿ ಅನುಮೋದಿಸಿದವರು. ಗ್ರಾಫ್ ವಿಚಾರಣೆಗೆ ಒಳಗಾಗಿ ಖುಲಾಸೆಯಾಗುತ್ತಾನೆ. ಅವನ ಸಮರ್ಥನೆಯು ನಾವು ವಿರೋಧೀ ಹಿಂಸೆ ಎನ್ನುವ ವರ್ಗಕ್ಕೆ ಸೇರುವಂಥದು. ತನ್ನ ಮೇಲೆ ಬಂದವನನ್ನು ತಡೆಯುವ ಗೃಹಸ್ಥನ ಹಿಂಸೆ. ಆದರೆ ಆ ಕೀಟಜೀವಿಗಳು ಮರಳಿ ಬರಲೇ ಇಲ್ಲ. ನೌಕೆಗಳನ್ನು ಅವರ ಮನೆಬಾಗಿಲಿಗೆ ಕಳುಹಿಸಿದವರು ಮನುಷ್ಯರು. ಜನ್ನನಾದರೋ ತಾಯಿಯನ್ನು ಬಿಡಲಿಲ್ಲ. ಕತ್ತಿ ಹಿಡಿದವನು ಮಗನಾದರೂ ಮಾಡಿಸಿದ ಚಂದ್ರಮತಿಯು ಅವನೊಂದಿಗೆ ಒಂದೊಂದು ಭವದಲ್ಲಿಯೂ ಪ್ರಾಣಿಯಾಗಿ ಹುಟ್ಟಿ ಸತ್ತಳು. ಈ ಒಂದು ವಿಷಯದಲ್ಲಿ ಹೊಯ್ಸಳರ ಕಾಲದ ನಮ್ಮ ಕವಿ ಇಪ್ಪತ್ತನೆಯ ಶತಮಾನದ ಕಾದಂಬರಿಕಾರನಿಗಿಂತ ನಿಷ್ಠುರನಾದ ಲೆಕ್ಕಿಗ.

ಹಾಗೆಂದು ಕಾರ್ಡ್‌ಗೆ ನ್ಯಾಯವನ್ನು ತಪ್ಪಿಸಬಾರದು. ಪುಸ್ತಕದ ಕೊನೆಯ ಅಧ್ಯಾಯ ನನ್ನನ್ನು ಅಲುಗಾಡಿಸಿತು. ನಾಶವಾದ ಕುಲದ ರಾಣಿಯೊಬ್ಬಳ ಗೂಡು ಎಂಡರನಿಗೆ ಸಿಕ್ಕುತ್ತದೆ. ಅವಳ ಮನಸ್ಸಿನ ಮೂಲಕ ಅವನಿಗೆ ತಿಳಿಯುವ ಸಂಗತಿ ಇದು: ಆ ಕುಲದಲ್ಲಿ ರಾಣಿಗೆ ಮಾತ್ರ ಮನಸ್ಸು, ಉಳಿದವು ಅವಳ ಬೆರಳುಗಳಿದ್ದಂತೆ. ಮನುಷ್ಯರಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಮನಸ್ಸಿರುವುದನ್ನು ಅವರು ಊಹಿಸಿಯೇ ಇರಲಿಲ್ಲ. ಅರಿವಾದ ಮೇಲೆ ಯುದ್ಧವನ್ನು ನಿಲ್ಲಿಸಿದ್ದರು. ಎರಡು ಕಡೆಯೂ ಎದುರಿನವರನ್ನು ಜೀವವೆಂದು ಗುರುತಿಸದ ತಪ್ಪಿನಿಂದಲೇ ಈ ಸಂಹಾರ ನಡೆಯಿತು. ಎಂಡರ್ ತನ್ನ ಜಯವನ್ನು ಬಿಟ್ಟು, ಸತ್ತವರ ಚರಿತ್ರೆಯನ್ನು ಬರೆದು, ಆ ಗೂಡನ್ನು ಹೊತ್ತು ಅದಕ್ಕೊಂದು ನೆಲೆ ಹುಡುಕುತ್ತಾ ಲೋಕದಿಂದ ಲೋಕಕ್ಕೆ ಅಲೆಯುತ್ತಾನೆ. ಇದನ್ನು ಪ್ರಾಯಶ್ಚಿತ್ತವಲ್ಲದೆ ಮತ್ತೇನೆಂದು ಕರೆಯಬೇಕು?

ಯಾರು ಜೀವ ಎಂಬ ಪ್ರಶ್ನೆಯಲ್ಲಿ ಇಂಗ್ಲಿಷ್ ಲೇಖಕರೆಲ್ಲ ಒಂದೇ ಮಟ್ಟದವರಲ್ಲ. ಐಸಾಕ್ ಅಸಿಮೋವ್ 1942ರ ಕಥೆಯೊಂದರಲ್ಲಿ ಯಂತ್ರಮಾನವರಿಗೆ ಮೂರು ನಿಯಮಗಳನ್ನು ವಿಧಿಸಿದರು. ಮನುಷ್ಯನಿಗೆ ಕೇಡಾಗಬಾರದೆಂಬುದು ಮೊದಲನೆಯದು. ಲೋಕವೆಲ್ಲ ಅದನ್ನು ಇಂದಿಗೂ ಕೊಂಡಾಡುತ್ತದೆ. ಆ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವ ಯಂತ್ರವೊಂದು ಕಸಾಯಿಖಾನೆಯಲ್ಲಿ ದಿನವಿಡೀ ದುಡಿಯಬಹುದು, ಯಾವ ನಿಯಮವೂ ಅಡ್ಡ ಬಾರದು. ಇಷ್ಟು ಹೇಳಿದರೆ ಸಾಕು.

ಉರ್ಸುಲಾ ಲೆ ಗ್ವಿನ್ ಅವರದು ಬೇರೆಯೇ ದೃಷ್ಟಿ. 1971ರಲ್ಲಿ ಬಂದ ಅವರ ಕಥೆಯೊಂದರಲ್ಲಿ ಪ್ರಾಣಿಗಳೇ ಇಲ್ಲದ, ಬರಿಯ ಕಾಡಿನಿಂದ ತುಂಬಿದ ಗ್ರಹವೊಂದಕ್ಕೆ ಮನುಷ್ಯರು ಬಂದಿಳಿಯುತ್ತಾರೆ. ಬೇರುಗಳಿಂದ ಒಂದಕ್ಕೊಂದು ಬೆಸೆದ ಆ ಕಾಡಿಗೆ ಒಂದೇ ಅಖಂಡ ಅರಿವಿದೆ. ತನ್ನನ್ನು ಬಿಟ್ಟು ಬೇರೊಂದು ಜೀವವನ್ನು ಅದು ಎಂದೂ ಅರಿತಿರಲಿಲ್ಲವಾದ್ದರಿಂದ ಅದಕ್ಕೆ ಭಯವಾಗುತ್ತದೆ. ಪರರ ಭಾವನೆಗಳೆಲ್ಲ ತನ್ನೊಳಗೆ ನುಗ್ಗುವ ಶಾಪವುಳ್ಳ ಒಬ್ಬನು ಆ ಭಯವನ್ನು ತಾನು ಸ್ವೀಕರಿಸಿ ಅಲ್ಲಿಯೇ ಉಳಿದುಬಿಡುತ್ತಾನೆ. ವನಸ್ಪತಿಯನ್ನು ಏಕೇಂದ್ರಿಯ ಜೀವವೆಂದು ಬಾಲ್ಯದಲ್ಲಿಯೇ ಕಲಿಯುವ ನಮ್ಮ ಮಕ್ಕಳಿಗೆ ಈ ಕಥೆ ಸಹಜವಾಗಿ ಒಲಿಯಬೇಕು. ಒಂದು ಭೇದವನ್ನು ಮಾತ್ರ ಅವರಿಗೆ ತೋರಿಸಿಕೊಡಬೇಕು. ನಿಗೋದದಲ್ಲಿ ಅನಂತ ಜೀವಗಳಿಗೆ ಒಂದೇ ಶರೀರ. ಲೆ ಗ್ವಿನ್ ಅವರ ಕಾಡಿನಲ್ಲಿ ಲೆಕ್ಕವಿಲ್ಲದ ಶರೀರಗಳಿಗೆ ಒಂದೇ ಅರಿವು. ನಮ್ಮ ಶಾಸ್ತ್ರವು ಆ ಎರಡನೆಯದನ್ನು ಒಪ್ಪದು. ಆದರೂ ಗಿಡದ ಭಯವನ್ನು ಮನುಷ್ಯನು ತನ್ನ ಭಯವೆಂದು ತಿಳಿಯುವ ಆ ಪುಟಗಳನ್ನು ಓದಿದ ಮೇಲೆ ಹಲಸೂರು ಕೆರೆಯ ದಂಡೆಯ ಮರಗಳ ಕೆಳಗೆ ನನ್ನ ಬೆಳಗಿನ ನಡಿಗೆ ಕೆಲವು ದಿನ ನಿಧಾನವಾಯಿತು.

ಸ್ಪ್ಯಾನಿಷ್ ಕೃತಿಗಳ ಕಡೆಗೂ ನನ್ನನ್ನು ಒಯ್ದವರು ಲೆ ಗ್ವಿನ್ ಅವರೇ. ಅರ್ಜೆಂಟೀನದ ಆನ್‌ಹೆಲಿಕಾ ಗೊರೊದಿಶೆರ್ 1983ರಲ್ಲಿ ಬರೆದ ಪುಸ್ತಕವನ್ನು ಅವರು 2003ರಲ್ಲಿ ಇಂಗ್ಲಿಷಿಗೆ ತಂದರು. ಹೆಸರು ನೋಡಿ ಬೆರಗಾದೆ: 'ಕಲ್ಪ ಇಂಪೀರಿಯಲ್'. ನಮ್ಮ ಕಲ್ಪವೇ! ಉತ್ಸರ್ಪಿಣಿ ಅವಸರ್ಪಿಣಿಗಳು ಸೇರಿ ಇಪ್ಪತ್ತು ಕೋಟಾಕೋಟಿ ಸಾಗರೋಪಮಗಳ ಕಾಲ. ಒಳಗೆ ನೋಡಿದರೆ ಅಂತಹ ಕಾಲಗಣನೆ ಏನೂ ಇಲ್ಲ. ಒಂದು ಸಾಮ್ರಾಜ್ಯವು ಬೀಳುತ್ತ ಏಳುತ್ತ ಇರುವುದನ್ನು ಕಥೆಗಾರನೊಬ್ಬನು ಹೇಳುತ್ತಾ ಹೋಗುತ್ತಾನೆ. ಓದಲು ಹಿತ, ಆದರೆ ಹೆಸರು ಕೊಟ್ಟ ನಿರೀಕ್ಷೆಯನ್ನು ಪುಸ್ತಕ ತುಂಬಿಕೊಡಲಿಲ್ಲ.

ಅದಕ್ಕಿಂತ ಆಳವಾಗಿ ತಟ್ಟಿದ್ದು ಅದೇ ದೇಶದ ಅಡೋಲ್ಫೊ ಬಿಯೋಯ್ ಕಸಾರೆಸ್ 1940ರಲ್ಲಿ ಬರೆದ 'ಮೊರೆಲ್‌ನ ಆವಿಷ್ಕಾರ'. ಅದಕ್ಕೆ ಮುನ್ನುಡಿ ಬರೆದವರು ಅವರ ಗೆಳೆಯ ಬೋರ್ಹೆಸ್. ನೂರು ಚಿಲ್ಲರೆ ಪುಟಗಳ ಚಿಕ್ಕ ಪುಸ್ತಕ. ದ್ವೀಪವೊಂದರಲ್ಲಿ ಅಡಗಿದ ತಲೆತಪ್ಪಿಸಿಕೊಂಡವನೊಬ್ಬನು ಅಲ್ಲಿಗೆ ಬಂದ ಫೌಸ್ತೀನ್ ಎಂಬ ಸ್ತ್ರೀಯನ್ನು ಮೋಹಿಸುತ್ತಾನೆ. ಅವಳಿಗೆ ಅವನು ಕಾಣಿಸುವುದೇ ಇಲ್ಲ. ಅವಳೂ ಅವಳ ಗೆಳೆಯರೂ ಬರಿಯ ಬಿಂಬಗಳು. ಮೊರೆಲ್ ಎಂಬವನು ಯಂತ್ರವೊಂದನ್ನು ಮಾಡಿ ಗೆಳೆಯರ ಒಂದು ವಾರದ ಬಾಳನ್ನು ರೂಪ, ಶಬ್ದ, ಗಂಧ, ಸ್ಪರ್ಶಗಳ ಸಮೇತ ಅಚ್ಚುಹಾಕಿದ್ದಾನೆ. ಸಮುದ್ರದ ಉಬ್ಬರದ ಬಲದಿಂದ ಆ ವಾರವು ಮತ್ತೆ ಮತ್ತೆ ಮರುಕಳಿಸುತ್ತದೆ. ಅಚ್ಚಾದವರು ಸಾಯುತ್ತಾರೆ. ಮೊರೆಲ್ ಅವರ ಅನುಮತಿಯನ್ನೇ ಕೇಳಿರಲಿಲ್ಲ. ಅವರಿಗೆ ಅಮರತ್ವವನ್ನು ದಯಪಾಲಿಸುತ್ತಿದ್ದೇನೆಂದೇ ಅವನ ಎಣಿಕೆ. ಕೊನೆಗೆ ಆ ಮೋಹಿತನೂ ಫೌಸ್ತೀನಳ ಪಕ್ಕದಲ್ಲಿ, ಅವಳು ತನ್ನನ್ನು ಪ್ರೀತಿಸುತ್ತಿರುವಂತೆ ಕಾಣುವ ಹಾಗೆ, ತನ್ನನ್ನೂ ಅಚ್ಚುಹಾಕಿಕೊಂಡು ಸಾವನ್ನು ಎದುರುನೋಡುತ್ತಾನೆ. ಹಿಟ್ಟಿನ ಕೋಳಿಯಲ್ಲಿ ಪ್ರತಿಮೆಯನ್ನು ಕಡಿದರು. ಇಲ್ಲಿ ಪ್ರತಿಮೆಯನ್ನು ಉಳಿಸಲು ಪ್ರಾಣವನ್ನು ತೆಗೆದರು. ಇಡೀ ಕಥೆಯಲ್ಲಿ ದ್ವೇಷವೆಂಬುದು ಎಲ್ಲಿಯೂ ಇಲ್ಲ, ಬರಿಯ ರಾಗ. ರಾಗವೂ ಹಿಂಸೆಯ ಬೇರೆಂದು ಪ್ರವಚನಗಳಲ್ಲಿ ಎಷ್ಟು ಬಾರಿ ಕೇಳಿದರೂ ತಲೆದೂಗಿ ಮನೆಗೆ ಬರುತ್ತಿದ್ದ ನನಗೆ ಆ ಮಾತಿನ ಭಾರ ತಿಳಿದದ್ದು ಈ ಪರದೇಶದ ಪುಸ್ತಕದಿಂದ ಎಂದು ಒಪ್ಪಿಕೊಳ್ಳುತ್ತೇನೆ. ಮಗುವಿನ ಮೊದಲ ಹೆಜ್ಜೆಯನ್ನು ಮೊಬೈಲಿನಲ್ಲಿ ಹಿಡಿಯುವ ಆತುರದಲ್ಲಿ ಹೆಜ್ಜೆಯನ್ನೇ ನೋಡದಿರುವ ತಂದೆಯರನ್ನು ನಾವೆಲ್ಲ ಕಂಡಿದ್ದೇವೆ. ನಾನೂ ಅಂತಹ ತಾತನೇ.

ಇನ್ನು ನಮ್ಮ ಊರಿನದೇ ಪುಸ್ತಕ. ಪೆಟ್ಟಿಗೆಯ ತಳದಲ್ಲಿ ಲಾವಣ್ಯ ಲಕ್ಷ್ಮೀನಾರಾಯಣ್ ಅವರ 'ದಿ ಟೆನ್ ಪರ್ಸೆಂಟ್ ಥೀಫ್' ಇತ್ತು. 2020ರಲ್ಲಿ ಭಾರತದಲ್ಲಿ 'ಅನಲಾಗ್/ವರ್ಚುಯಲ್' ಎಂಬ ಹೆಸರಿನಿಂದ ಮೊದಲು ಪ್ರಕಟವಾಗಿ, 2023ರಲ್ಲಿ ಈ ಹೆಸರಿನಿಂದ ಹೊರದೇಶಗಳಲ್ಲಿ ಬಂದು, 2024ರಲ್ಲಿ ಇಂಗ್ಲೆಂಡಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯನ್ನು ಸೇರಿತು. ಲೇಖಕಿ ವಿಡಿಯೋ ಆಟಗಳ ವಿನ್ಯಾಸದಲ್ಲಿ ದುಡಿದವರು. ಕಥೆಯ ನಗರದ ಹೆಸರು ಏಪೆಕ್ಸ್ ಸಿಟಿ. ಅದರ ಹಿಂದಿನ ಹೆಸರು ಬೆಂಗಳೂರು. ಬೆಲ್ ಎಂಬ ಕಂಪನಿಯೇ ಅಲ್ಲಿ ಸರಕಾರ. ಗಂಟೆಯಾಕಾರದ ಗಣಿತರೇಖೆಯೊಂದರ ಮೇಲೆ ಪ್ರತಿಯೊಬ್ಬ ಪೌರನನ್ನೂ ಅಳೆಯುತ್ತಾರೆ. ಮೇಲಿನ ಶೇಕಡಾ 20ಕ್ಕೆ ಸಕಲ ವೈಭೋಗ, ನಡುವಿನ 70ಕ್ಕೆ ಮೇಲೇರುವ ಹಂಬಲ, ಕೆಳಗಿನ 10ಕ್ಕೆ ಗಡೀಪಾರು. ಗಡೀಪಾರಾದವರಿಗೆ ವಿದ್ಯುತ್ತಿಲ್ಲ, ನಲ್ಲಿಯ ನೀರಿಲ್ಲ. ಈ ಹೊರಲೋಕದಿಂದ ಕಳ್ಳಿಯೊಬ್ಬಳು ಒಳನುಗ್ಗಿ ಕದಿಯುವುದು ಚಿನ್ನವನ್ನಲ್ಲ. ಒಂದು ಜಕರಂಡಾ ಬೀಜವನ್ನು. ಅದನ್ನು ಬರಡು ನೆಲದಲ್ಲಿ ನೆಡುವಲ್ಲಿಂದ ಕಥೆಗಳ ಸರಣಿ ಆರಂಭವಾಗುತ್ತದೆ.

ಕಂಟೋನ್ಮೆಂಟಿನ ರಸ್ತೆಗಳಲ್ಲಿ ಬೇಸಗೆಯ ಮೊದಲಲ್ಲಿ ನೇರಳೆ ಹೂ ಸುರಿಸುವ ಆ ಮರ ಮೂಲತಃ ದಕ್ಷಿಣ ಅಮೆರಿಕದ್ದು, ಗೊರೊದಿಶೆರ್ ಮತ್ತು ಬಿಯೋಯ್ ಅವರ ಸೀಮೆಯದು. ಲೇಖಕಿ ಇದನ್ನು ಉದ್ದೇಶಿಸಿದ್ದರೋ ಕಾಣೆ. ನನಗೆ ಮಾತ್ರ ಎರಡು ಪೆಟ್ಟಿಗೆಗಳು ಒಂದಾದಂತೆ ತೋರಿತು.

ಅದತ್ತಾದಾನವು ಸ್ತೇಯ. ಕೊಡದೆ ತೆಗೆದುಕೊಂಡದ್ದು ಬೀಜವಾದರೂ ಕಳವೇ. ಅದರಲ್ಲಿಯೂ ಬೀಜವು ಸಚಿತ್ತ ವಸ್ತು. ಸಮಿತಿಯ ಒಬ್ಬ ಸದಸ್ಯರು ಪುಸ್ತಕದ ಹೆಸರನ್ನು ಕೇಳಿಯೇ, ಕಳ್ಳಿಯನ್ನು ನಾಯಕಿಯಾಗಿಸಿದ ಕಥೆ ಪಾಠಶಾಲೆಗೆ ಸಲ್ಲದು ಎಂದರು. ಅವರ ಮಾತನ್ನು ತಳ್ಳಿಹಾಕಲಾರೆ. ಅಣುವ್ರತಿಯು ಆ ಬೀಜವನ್ನು ಕದಿಯಲಾರನು. ಆದರೆ ಅದೇ ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ವ್ಯಾಪಾರಿಗಳಾದ ನಮ್ಮನ್ನೇ ಉದ್ದೇಶಿಸಿ ಹೇಳಿದ ಒಂದಿದೆ: ಹೀನಾಧಿಕಮಾನೋನ್ಮಾನ, ಅಂದರೆ ಕೊಡುವಾಗ ಒಂದು ಅಳತೆ ಕೊಳ್ಳುವಾಗ ಒಂದು ಅಳತೆ. ತಕ್ಕಡಿಯ ಮೋಸವನ್ನು ನಮ್ಮ ಆಚಾರ್ಯರು ಸುಳ್ಳಿನ ಅಡಿಯಲ್ಲಿ ಇಡಲಿಲ್ಲ, ಕಳವಿನ ಅಡಿಯಲ್ಲಿ ಇಟ್ಟರು. ನಲವತ್ತು ವರ್ಷ ತಕ್ಕಡಿಯ ಮುಂದೆ ಕುಳಿತವನಾಗಿ ಹೇಳುತ್ತೇನೆ: ಯಾವ ಸರಕನ್ನು ಇಟ್ಟರೂ ಹತ್ತರಲ್ಲಿ ಒಂದು ಕೆಳಗೆ ಬೀಳಲೇಬೇಕೆಂದು ಮೊದಲೇ ಗೊತ್ತುಮಾಡಿದ ತಕ್ಕಡಿಯು ತಕ್ಕಡಿಯೇ ಅಲ್ಲ. ಎಲ್ಲರೂ ಶ್ರಮಿಸಿ ಎಲ್ಲರೂ ಯೋಗ್ಯರಾದರೂ ಆ ರೇಖೆಯ ತುದಿಗೆ ಹತ್ತು ಮಂದಿ ಬೇಕೇ ಬೇಕು. ಈ ಕಾದಂಬರಿಯಲ್ಲಿ ಕಳವು ಎರಡು. ಒಂದು ಬೀಜದ್ದು, ಹೆಸರಿನಲ್ಲಿಯೇ ಇದೆ. ಮತ್ತೊಂದು ಅಳತೆಯದು, ಅದಕ್ಕೆ ನಗರವೇ ಸಾಕ್ಷಿ.

ಇದು ಭವಿಷ್ಯದ ಕಲ್ಪನೆ ಎಂದು ಸುಮ್ಮನಿರಲು ಸಾಧ್ಯವೇ? ನೌಕರರನ್ನು ವರ್ಷಕ್ಕೊಮ್ಮೆ ಇದೇ ಗಂಟೆಯಾಕಾರದ ರೇಖೆಯ ಮೇಲೆ ಕೂರಿಸಿ ಕೆಳತುದಿಯವರನ್ನು ಹೊರಗೆ ಕಳುಹಿಸುವ ಪದ್ಧತಿಯನ್ನು ನಮ್ಮ ಊರಿನ ಸಾಫ್ಟ್‌ವೇರ್ ಉದ್ಯೋಗಿಗಳು ಬಲ್ಲರು. ನೇರಳೆ ಮಾರ್ಗದ ಮೆಟ್ರೋ 2011ರಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ ಓಡಲಾರಂಭಿಸಿತು; 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರಗಳ ನಡುವಿನ ಕೊಂಡಿಯೂ ಕೂಡಿಕೊಂಡಿತು. ಹಲಸೂರಿನಲ್ಲಿ ಹತ್ತಿ ಕಿಟಕಿಯಿಂದ ನೋಡುತ್ತ ಹೋದರೆ ಗಾಜಿನ ಗೋಪುರಗಳೂ, ಅವನ್ನು ಕಟ್ಟಿದವರ ತಗಡಿನ ಶೆಡ್ಡುಗಳೂ ಒಂದರ ಮಗ್ಗುಲಲ್ಲಿ ಒಂದು ಕಾಣುತ್ತವೆ. 2024ರ ಬೇಸಗೆಯಲ್ಲಿ ಪೂರ್ವದ ಬಡಾವಣೆಗಳಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿನ ನೀರಿಗೆ ಬೆಲೆ ಏರಿದಾಗ, ನೀರು ಯಾರಿಗೆ ಎಂಬ ಪ್ರಶ್ನೆಯನ್ನು ಯಾವ ರೇಖೆ ನಿರ್ಧರಿಸಿತೆಂಬುದನ್ನು ವಾಚಕರೇ ಕಂಡಿದ್ದಾರೆ. ನಮ್ಮ ಸಮಾಜದ ಮಕ್ಕಳು ಆ ಗೋಪುರಗಳಲ್ಲಿ ಅಳೆಯುವ ಮೇಜಿನ ಹಿಂದೆಯೂ ಇದ್ದಾರೆ, ಅಳೆಯಿಸಿಕೊಳ್ಳುವ ಸಾಲಿನಲ್ಲಿಯೂ ಇದ್ದಾರೆ. ಕಾರಿತವೂ ಅನುಮೋದನೆಯೂ ನಮ್ಮ ಮನೆಗಳಿಂದ ದೂರವಿಲ್ಲ.

ಕೃತಿಯ ಕೊರತೆಯನ್ನೂ ಹೇಳಬೇಕು. ಬಹುಪಾಲು ಅಧ್ಯಾಯಗಳು ಒಳಲೋಕದ ಪೌರರನ್ನೇ ಹಿಂಬಾಲಿಸುತ್ತವೆ. ಅವರ ಆತಂಕ, ಅವರ ಅಂಕಗಳು, ಅವರ ಯಂತ್ರಗಳು. ಗಡೀಪಾರಾದವರು ಹೇಗೆ ಉಣ್ಣುತ್ತಾರೆ, ಸಂಜೆ ಏನು ಮಾತಾಡುತ್ತಾರೆ ಎಂಬುದು ನಮಗೆ ಅಷ್ಟಾಗಿ ತಿಳಿಯುವುದಿಲ್ಲ. ಶಿವಾಜಿನಗರದ ಒಂದು ಬೀದಿಯ ಗದ್ದಲವೂ ಈ ಬೆಂಗಳೂರಿನಲ್ಲಿ ನನಗೆ ಕೇಳಿಸಲಿಲ್ಲ. ಪಾತ್ರಗಳು ಅಧ್ಯಾಯಕ್ಕೊಬ್ಬರಂತೆ ಬದಲಾಗುವುದರಿಂದ ಯಾರ ಕರ್ಮವೂ ಅವರನ್ನು ಬೆನ್ನಟ್ಟಿ ಬರುವಷ್ಟು ದೂರ ನಾವು ಅವರೊಂದಿಗೆ ನಡೆಯುವುದಿಲ್ಲ. ಆದರೂ ಕಳವನ್ನು ಅಳತೆಯಲ್ಲಿ ಕಂಡ ಆ ಕಣ್ಣು ಸಾಮಾನ್ಯವಾದುದಲ್ಲ.

ಸಮಿತಿಗೆ ನಾನು ಮಾಡಿದ ಶಿಫಾರಸು ಹೀಗಿತ್ತು. ಮೊರೆಲ್‌ನ ಕಥೆ ಹಿರಿಯರ ಕಪಾಟಿಗೆ. ಲೆ ಗ್ವಿನ್, ಟಾಲ್ಕೀನ್, ಅಸಿಮೋವ್ ಮಕ್ಕಳಿಗೆ ಸಲ್ಲುತ್ತಾರೆ. ಕೊಲ್ಲುವುದೇ ಹಬ್ಬವಾಗಿ, ಸತ್ತವರ ಹೆಸರನ್ನೂ ಕೇಳದ ಖಡ್ಗಧಾರಿಗಳ ಹನ್ನೊಂದು ಸಂಪುಟಗಳನ್ನು ದಾನಿಗಳಿಗೆ ತಿಳಿಸಿ ಹಿಂದಿರುಗಿಸುವುದು. 'ಎಂಡರ್ಸ್ ಗೇಮ್' ಪುಸ್ತಕವನ್ನು 'ಯಶೋಧರ ಚರಿತೆ'ಯ ಗದ್ಯಾನುವಾದದ ಪಕ್ಕದಲ್ಲಿಟ್ಟು, ಎರಡನ್ನೂ ಒಟ್ಟಿಗೇ ಎರವಲು ಕೊಡುವುದು. ಬೆಂಗಳೂರಿನ ಪುಸ್ತಕದ ಬಗೆಗೆ ಮತ ಹಾಕಬೇಕಾಯಿತು. ನಾಲ್ಕಕ್ಕೆ ಮೂರರಂತೆ ಅದು ಉಳಿಯಿತು.

ಸಭೆ ಮುಗಿದು ಪಾದರಕ್ಷೆ ಹುಡುಕುತ್ತಿದ್ದಾಗ ಪಾಠಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹತ್ತಿರ ಬಂದು, "ತಾತ, ನಾನು ದಿನಾ ಫೋನಲ್ಲಿ ಆಡೋ ಆಟದಲ್ಲಿ ಎಷ್ಟೋ ಜನರನ್ನ ಹೊಡೀತೀನಲ್ಲ, ಅದು ಹಿಟ್ಟಿನ ಕೋಳೀನಾ?" ಎಂದು ಕೇಳಿದ. ಹೊಡೆಯುವಾಗ ನಿನಗೆ ಏನನ್ನಿಸುತ್ತದೆ ಎಂದು ನಾನು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಆಡುವಾಗ ಗಮನಿಸಿ ಮುಂದಿನ ಭಾನುವಾರ ಹೇಳುತ್ತೇನೆ ಎಂದು ಹೋದ.